‘ಆರ್ಟಿಕ್ಯುಲೇಟ್’ ಎಂಬ ಮೆಚ್ಚುಗೆ: ಒಂದು ಗುಣವಾಚಕದ ಅರ್ಥವಿಮರ್ಶೆ

ಇಂಗ್ಲಿಷಿನ ‘ಆರ್ಟಿಕ್ಯುಲೇಟ್’ ಪದವು ಕ್ರಿಯಾಪದವಾಗಿ ಬಂದಾಗ ಅದರ ಕೊನೆಯ ಸ್ವರವು ಪೂರ್ಣವಾಗಿ ಕೇಳಿಸುತ್ತದೆ. ಗುಣವಾಚಕವಾಗಿ ಬಂದಾಗ ಆ ಸ್ವರ ಕುಗ್ಗುತ್ತದೆ. ಕನ್ನಡ ಲಿಪಿಯಲ್ಲಿ ಎರಡನ್ನೂ ಒಂದೇ ರೀತಿ ಬರೆಯುವುದರಿಂದ ಈ ಭೇದ ಕಣ್ಣಿಗೆ ಬೀಳುವುದಿಲ್ಲ. ಅರ್ಥದಲ್ಲಿಯೂ ಇಂಥದೇ ಒಂದು ಭೇದ ಮರೆಯಾಗಿದೆ ಎಂಬುದು ನಮ್ಮ ವಾದ. ಕ್ರಿಯಾಪದವು ಒಂದು ಕೆಲಸವನ್ನು ಹೇಳುತ್ತದೆ: ಧ್ವನಿಯನ್ನು ಸ್ಫುಟವಾಗಿ ಉಚ್ಚರಿಸುವುದು, ವಿಚಾರವನ್ನು ಸ್ಪಷ್ಟವಾಗಿ ವ್ಯಕ್ತಪಡಿಸುವುದು. ಗುಣವಾಚಕವು ಆ ಕೆಲಸವನ್ನು ವ್ಯಕ್ತಿಯ ಸ್ಥಿರ ಗುಣವಾಗಿ ಮಾರ್ಪಡಿಸುತ್ತದೆ. ‘ತನ್ನನ್ನು ಸ್ಪಷ್ಟವಾಗಿ ವ್ಯಕ್ತಪಡಿಸಿಕೊಳ್ಳಬಲ್ಲ’ ಎಂಬ ನಿಘಂಟಿನ ವಿವರಣೆಯಲ್ಲಿ ಮಾತಾಡುವವರು ಮಾತ್ರ ಇದ್ದಾರೆ. ಯಾರಿಗೆ ಸ್ಪಷ್ಟ, ಯಾವ ಸಂದರ್ಭದಲ್ಲಿ ಸ್ಪಷ್ಟ ಎಂಬ ಪ್ರಶ್ನೆಗಳಿಗೆ ಅಲ್ಲಿ ಸ್ಥಾನವಿಲ್ಲ.

ಪದದ ಚರಿತ್ರೆಯಲ್ಲಿ ಈ ಮೌಲ್ಯಮಾಪನ ಮೊದಲಿನಿಂದ ಇದ್ದದ್ದಲ್ಲ. ಲ್ಯಾಟಿನ್ನಿನ ‘ಆರ್ಟುಸ್’ ಎಂದರೆ ಕೀಲು. ಅದರ ಅಲ್ಪಾರ್ಥಕ ರೂಪ ‘ಆರ್ಟಿಕುಲುಸ್’. ಮಾತನ್ನು ಕೀಲುಕೀಲಾಗಿ ವಿಭಜಿಸುವುದೆಂಬ ರೂಪಕ ಇಲ್ಲಿಂದ ಬಂದಿದೆ. ನಮ್ಮ ವ್ಯಾಕರಣದ ‘ಸಂಧಿ’ಯೂ ದೇಹದ ಕೀಲನ್ನು ಸೂಚಿಸುವ ಪದವೇ. ಆದರೆ ಸಂಧಿ ಎಂಬಲ್ಲಿ ಒತ್ತು ಕೂಡುವಿಕೆಯ ಮೇಲೆ. ‘ಆರ್ಟಿಕುಲುಸ್’ ಎಂಬಲ್ಲಿ ಬಿಡಿಬಿಡಿಯಾಗುವಿಕೆಯ ಮೇಲೆ. ಕ್ರಿ.ಶ. 500ರ ಆಸುಪಾಸಿನ ವೈಯಾಕರಣ ಪ್ರಿಸ್ಕಿಯಾನುಸ್, ಆಡುವವರ ಮನಸ್ಸಿನ ಯಾವುದಾದರೊಂದು ಅರ್ಥದೊಡನೆ ಕೂಡಿ ಹೊರಡುವ ಧ್ವನಿಯನ್ನೆಲ್ಲ ‘ವೋಕ್ಸ್ ಆರ್ಟಿಕುಲಾಟಾ’ ಎಂದು ಕರೆದನು. ಬರೆಯಲು ಬಾರದಿದ್ದರೂ ಅರ್ಥವಾಗುವ ನರಳಾಟ, ಸಿಳ್ಳುಗಳು ಕೂಡ ಅವನ ವರ್ಗೀಕರಣದಲ್ಲಿ ಈ ಗುಂಪಿಗೆ ಸೇರುತ್ತವೆ. 1916ರಲ್ಲಿ ಪ್ರಕಟವಾದ ಸಸ್ಯೂರನ ಉಪನ್ಯಾಸಗಳಲ್ಲಿ ಈ ಪದವು ಉಚ್ಚಾರದ ಸರಣಿಯನ್ನು ಅಕ್ಷರಗಳಾಗಿ ಅಥವಾ ಅರ್ಥದ ಸರಣಿಯನ್ನು ಘಟಕಗಳಾಗಿ ವಿಭಜಿಸುವುದನ್ನು ಸೂಚಿಸುತ್ತದೆ. ಮಾರ್ಟಿನೆ 1949ರಲ್ಲಿ ಮಂಡಿಸಿದ ದ್ವಿಸ್ತರ ವಿಭಜನೆಯ ತತ್ತ್ವದಲ್ಲಿ ಅದು ಮಾನವ ಭಾಷೆಯ ಲಕ್ಷಣವೇ ಆಗಿದೆ. ಈ ಯಾವ ಬಳಕೆಯಲ್ಲಿಯೂ ಒಬ್ಬ ಭಾಷಿಕರು ಇನ್ನೊಬ್ಬರಿಗಿಂತ ಹೆಚ್ಚು ‘ಆರ್ಟಿಕ್ಯುಲೇಟ್’ ಆಗಿರಲು ಸಾಧ್ಯವಿಲ್ಲ.

ಹಾಗೆಂದು ಪಾರಿಭಾಷಿಕ ಅರ್ಥ ನಿರ್ದೋಷಿ, ದಿನಬಳಕೆಯ ಅರ್ಥ ಮಾತ್ರ ದೋಷಿ ಎಂದು ಕೈತೊಳೆದುಕೊಳ್ಳುವಂತಿಲ್ಲ. 19ನೆಯ ಶತಮಾನದಲ್ಲಿ ಕಿವುಡ ಮಕ್ಕಳಿಗೆ ಬಾಯಿಮಾತು ಕಲಿಸುವ ಪದ್ಧತಿಗೆ ಇಂಗ್ಲಿಷಿನಲ್ಲಿ ‘ಆರ್ಟಿಕ್ಯುಲೇಷನ್’ ಎಂಬ ಹೆಸರಿತ್ತು. 1880ರ ಮಿಲಾನ್ ಸಮ್ಮೇಳನವು ಸನ್ನೆಭಾಷೆಗಿಂತ ಬಾಯಿಮಾತಿನ ಬೋಧನೆಯೇ ಶ್ರೇಷ್ಠವೆಂದು ನಿರ್ಣಯಿಸಿತು. ಸನ್ನೆಗಳಿಗೂ ಆಂತರಿಕ ಘಟಕರಚನೆಯಿದೆ ಎಂದು ವಿಲಿಯಂ ಸ್ಟೋಕಿ ತೋರಿಸಿದ್ದು 1960ರಲ್ಲಿ. ಕೈಗಳನ್ನೂ ಉಚ್ಚಾರಣಾಂಗಗಳೆಂದು ಇಂದು ನಾವು ನಿರಾಯಾಸವಾಗಿ ಬರೆಯುತ್ತೇವೆ. ಆದರೆ ಅದಕ್ಕೂ ಮುನ್ನ ಹಲವು ತಲೆಮಾರುಗಳ ಭಾಷಿಕರು ಇದೇ ಪದದ ಹೆಸರಿನಲ್ಲಿ ಮಾತಿಲ್ಲದವರೆನಿಸಿಕೊಂಡಿದ್ದರು.

ಗುಣವಾಚಕದ ಸಾಮಾಜಿಕ ಭಾರ ಹೆಚ್ಚು ಬಹಿರಂಗವಾಗಿ ಚರ್ಚೆಗೆ ಬಂದುದು 2007ರ ಆರಂಭದಲ್ಲಿ. ಅಮೆರಿಕದ ಸೆನೆಟರ್ ಜೋ ಬೈಡನ್ ತಮ್ಮ ಪ್ರತಿಸ್ಪರ್ಧಿ ಬರಾಕ್ ಒಬಾಮ ಅವರನ್ನು ಹೊಗಳುವಾಗ ಈ ಪದವನ್ನು ಬಳಸಿದರು, ಟೀಕೆ ಎದ್ದಿತು, ವಿಷಾದ ವ್ಯಕ್ತಪಡಿಸಬೇಕಾಯಿತು. ಸಮಿ ಅಲೀಂ ಮತ್ತು ಜಿನೀವಾ ಸ್ಮಿದರ್‌ಮನ್ 2012ರಲ್ಲಿ ಪ್ರಕಟಿಸಿದ ‘ಆರ್ಟಿಕ್ಯುಲೇಟ್ ವೈಲ್ ಬ್ಲ್ಯಾಕ್’ ಗ್ರಂಥವು ಈ ಹೊಗಳಿಕೆಯ ಹಿಂದಿರುವ ಜನಾಂಗೀಯ ನಿರೀಕ್ಷೆಯನ್ನು ಸಮರ್ಥವಾಗಿ ಬಯಲಿಗೆಳೆದಿದೆ. ಅರ್ಥವಿಜ್ಞಾನದ ದೃಷ್ಟಿಯಿಂದ ಅದಕ್ಕೆ ಒಂದು ಮಾತನ್ನು ಸೇರಿಸಬಹುದು. ‘ಎತ್ತರ’ದಂತೆ ಇದೂ ತರತಮವನ್ನು ಒಪ್ಪುವ ಪದ, ಹೋಲಿಕೆಗೆ ಒಂದು ಗುಂಪು ಬೇಕು. ಮೂರು ವರ್ಷದ ಮಗುವನ್ನು ಹೀಗೆ ಹೊಗಳಿದರೆ ಸಹಜ. ಹಿರಿಯ ನ್ಯಾಯಾಧೀಶರನ್ನು ಹೊಗಳಿದರೆ ವಿಚಿತ್ರ. ನಿರೀಕ್ಷಿತವಾದುದನ್ನು ಯಾರೂ ಎತ್ತಿ ಹೇಳುವುದಿಲ್ಲ. ಹೇಳಿದ್ದರಿಂದಲೇ ಅದು ಅನಿರೀಕ್ಷಿತವಾಗಿತ್ತೆಂಬ ಧ್ವನಿ ಹುಟ್ಟುತ್ತದೆ. ಗ್ರೈಸನ ಪರಿಭಾಷೆಯಲ್ಲಿ ಇದು ಸಂಭಾಷಣಾತ್ಮಕ ಸೂಚ್ಯಾರ್ಥ, ಆದ್ದರಿಂದ ರದ್ದುಪಡಿಸಬಹುದಾದದ್ದು. ‘ನಾನು ಹಾಗೆ ಉದ್ದೇಶಿಸಿರಲಿಲ್ಲ’ ಎಂಬ ಸಮಜಾಯಿಷಿ ಸದಾ ಲಭ್ಯವಿರುವುದೂ ಇದರಿಂದಲೇ. ಅವಮಾನವು ಪದದ ಕೋಶಾರ್ಥದಲ್ಲಿಲ್ಲ. ಹೇಳದೆ ಬಿಟ್ಟ ಹೋಲಿಕೆಯ ಗುಂಪಿನಲ್ಲಿದೆ.

ನಿರೀಕ್ಷೆಯ ಜೊತೆಗೆ ಸಂದರ್ಭವೂ ಅಡಗಿರುತ್ತದೆ ಎಂಬುದಕ್ಕೆ ಲೆಬಾವ್ 1969ರಲ್ಲಿ ಅಮಾನಕ ಇಂಗ್ಲಿಷಿನ ತರ್ಕವನ್ನು ಕುರಿತು ಬರೆದ ಪ್ರಬಂಧವೇ ಸಾಕ್ಷಿ. ಹಾರ್ಲೆಮ್‌ನ ಎಂಟು ವರ್ಷದ ಲಿಯಾನ್ ಸಂದರ್ಶನದಲ್ಲಿ ಒಂದೆರಡು ಪದಗಳಿಗಿಂತ ಹೆಚ್ಚು ಆಡಲಿಲ್ಲ. ಅದೇ ಸಂದರ್ಶಕರು ಆಲೂಗಡ್ಡೆ ಚಿಪ್ಸ್ ತಂದು, ಹುಡುಗನ ಆಪ್ತ ಗೆಳೆಯನನ್ನೂ ಕರೆತಂದು, ನೆಲದ ಮೇಲೆ ಕುಳಿತಾಗ ಅವನು ಮಾತಿಗೆ ಮಾತು ಜೋಡಿಸಿದ. ಬದಲಾದದ್ದು ಹುಡುಗನ ಸಾಮರ್ಥ್ಯವಲ್ಲ. ಆದರೆ ಅದೇ ಪ್ರಬಂಧದಲ್ಲಿ ಹದಿನೈದರ ಲ್ಯಾರಿಯ ವಾದವನ್ನು ಲೆಬಾವ್ ಸಮರ್ಥಿಸಿಕೊಳ್ಳುವುದು ಅದನ್ನು ಮಾನಕ ಇಂಗ್ಲಿಷಿನ ತರ್ಕವಾಕ್ಯಗಳಾಗಿ ತಿರುಗಿಸಿ ಬರೆಯುವುದರ ಮೂಲಕ. ತಕ್ಕಡಿಯಲ್ಲಿಟ್ಟ ವಸ್ತು ಬೇರೆ. ತಕ್ಕಡಿ ಮಾತ್ರ ಪಂಡಿತರದೇ. ಲೆಬಾವ್‌ರ ನಿಲುವಿಗೆ ಋಣಿಗಳಾಗಿದ್ದೂ ಈ ಮಿತಿಯನ್ನು ನಾವು ಗುರುತಿಸಬೇಕಾಗುತ್ತದೆ.

ಈ ವಿಮರ್ಶೆ ನಮ್ಮನ್ನೂ ಬಿಡುವುದಿಲ್ಲ. ಶಿಫಾರಸು ಪತ್ರಗಳಲ್ಲಿ, ಮೌಖಿಕ ಪರೀಕ್ಷೆಯ ವರದಿಗಳಲ್ಲಿ ನಾವೂ ಈ ಪದವನ್ನು ಬರೆದಿದ್ದೇವೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಸಂಶೋಧನಾರ್ಥಿಯ ಬಗ್ಗೆ ಹಾಗೆ ಬರೆದಾಗ ನಮ್ಮ ಮನಸ್ಸಿನಲ್ಲಿದ್ದ ಹೋಲಿಕೆಯ ಗುಂಪು ಯಾವುದು? ಬರೆಯದೆ ಬಿಟ್ಟಾಗ ಅಳೆದದ್ದು ಅವರ ವಿಚಾರವನ್ನೋ, ಇಂಗ್ಲಿಷಿನಲ್ಲಿ ಪ್ರಶ್ನೆ ಎದುರಿಸುವ ಅಭ್ಯಾಸವನ್ನೋ? ಅದೇ ವಿದ್ಯಾರ್ಥಿ ತನ್ನ ದತ್ತಾಂಶವನ್ನು ಕನ್ನಡದಲ್ಲಿ ವಿವರಿಸುವುದನ್ನು ಕೇಳುವ ಮೊದಲೇ ವರದಿಗೆ ಸಹಿ ಹಾಕಿದ್ದುಂಟು. ಒಬ್ಬರ ಮುಂದಿನ ದಾರಿ ಇಂಥ ಒಂದು ಪದದ ಮೇಲೆ ನಿಲ್ಲಬಹುದೆಂಬುದನ್ನು ಆಗ ನಾವು ಯೋಚಿಸಿರಲಿಲ್ಲ.

ಪದವನ್ನು ಬಹಿಷ್ಕರಿಸಬೇಕೆಂದು ನಾವು ಹೇಳುತ್ತಿಲ್ಲ. ಕ್ರಿಯಾಪದವಾಗಿ ಅದರ ಉಪಯೋಗ ನಿರ್ವಿವಾದ. ವ್ಯಕ್ತಿಯ ಗುಣವೆಂದು ಅದನ್ನು ಬಳಸುವಲ್ಲಿ ಮಾತ್ರ ಹೇಳದೆ ಬಿಟ್ಟದ್ದನ್ನು ಹೇಳಬೇಕು: ಯಾವ ಭಾಷೆಯಲ್ಲಿ, ಯಾರ ಎದುರಿಗೆ, ಯಾರಿಗೆ ಹೋಲಿಸಿ. ಹಾಗೆ ಹೇಳಹೊರಟರೆ ವಾಕ್ಯ ಉದ್ದವಾಗುತ್ತದೆ, ಹೊಗಳಿಕೆ ಸಪ್ಪೆಯಾಗುತ್ತದೆ. ಆದರೆ ವರದಿ ವಿದ್ಯಾರ್ಥಿಯ ಬಗ್ಗೆ ಹೇಳುವುದೆಷ್ಟು, ಕೇಳಿದವರ ಬಗ್ಗೆ ಹೇಳುವುದೆಷ್ಟು ಎಂಬುದು ಓದುವವರಿಗೆ ತಿಳಿಯುತ್ತದೆ.