ಎಂಬತ್ತು ಸೆಕೆಂಡಿನ ಗಣಿತ

ಬೆಂಗಳೂರಿನ ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಕೋಚಿಂಗ್ ತರಗತಿಗಳಲ್ಲಿ ಪಿಯುಸಿ ವಿದ್ಯಾರ್ಥಿಗಳಿಗೆ ಬೀಜಗಣಿತವನ್ನೂ ಕಲನಶಾಸ್ತ್ರದ ಮೊದಲ ಪಾಠಗಳನ್ನೂ ಹೇಳಿಕೊಡುವ ಕ್ರಮವು ಬಹುಮಟ್ಟಿಗೆ ಪ್ರವೇಶ ಪರೀಕ್ಷೆಯಾದ ಸಿಇಟಿಯ ಗಡಿಯಾರಕ್ಕೆ ಒಗ್ಗಿಕೊಂಡಿದೆ. ಗಣಿತದ 60 ಪ್ರಶ್ನೆಗಳಿಗೆ 80 ನಿಮಿಷ, ಅಂದರೆ ಒಂದಕ್ಕೆ ಸರಾಸರಿ 80 ಸೆಕೆಂಡು. ತಪ್ಪು ಉತ್ತರಕ್ಕೆ ಅಂಕ ಕಡಿತವೂ ಇಲ್ಲ. ಹೀಗಾಗಿ ಸಮಸ್ಯೆಯನ್ನು ಬಿಡಿಸುವ ಬದಲು ಕೊಟ್ಟ ನಾಲ್ಕು ಆಯ್ಕೆಗಳನ್ನೇ ಒಂದೊಂದಾಗಿ ಹಾಕಿ ನೋಡುವ ಶಾರ್ಟ್‌ಕಟ್ ವಿಧಾನಕ್ಕೆ ಅಲ್ಲಿ ಅಗ್ರಸ್ಥಾನ ದೊರೆತಿದೆ. ಇದನ್ನು ಸಾರಾಸಗಟಾಗಿ ಹಳಿಯುವುದು ವಾಡಿಕೆಯಾದರೂ, ಬೀಜಗಣಿತಕ್ಕೂ ಕಲನಶಾಸ್ತ್ರಕ್ಕೂ ಒಂದೇ ತೀರ್ಪು ಸಲ್ಲದು.

ಒಂದು ಸಂಖ್ಯೆಗೆ 7 ಕೂಡಿಸಿ ವರ್ಗಮೂಲ ತೆಗೆದರೆ ಆ ಸಂಖ್ಯೆಗಿಂತ 1 ಹೆಚ್ಚು ಬರಬೇಕು ಎಂಬ ಸಮೀಕರಣವನ್ನು ತೆಗೆದುಕೊಂಡರೆ, ಎರಡೂ ಬದಿಗಳನ್ನು ವರ್ಗಗೊಳಿಸಿ ಕ್ರಮಬದ್ಧವಾಗಿ ಬಿಡಿಸಿದ ವಿದ್ಯಾರ್ಥಿಗೆ 2 ಮತ್ತು –3 ಎಂಬ ಎರಡು ಉತ್ತರಗಳು ಸಿಗುತ್ತವೆ. ಆದರೆ –3ನ್ನು ಮೂಲ ಸಮೀಕರಣದಲ್ಲಿಟ್ಟರೆ ಎಡಬದಿ 2, ಬಲಬದಿ –2 ಆಗುವುದರಿಂದ ಅದು ಹುಸಿ ಮೂಲ, ವರ್ಗಗೊಳಿಸುವಾಗ ಚಿಹ್ನೆ ಅಳಿಸಿಹೋದುದರ ಫಲ. ಧನ, ಋಣ ಎರಡರ ವರ್ಗವೂ ಧನವೇ ಎಂಬುದನ್ನು ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ 9ನೇ ಶತಮಾನದ ‘ಗಣಿತಸಾರಸಂಗ್ರಹ’ದಲ್ಲಿಯೇ ನಿಯಮವಾಗಿ ಹೇಳಿದ್ದಾನೆ. ಆಯ್ಕೆಗಳನ್ನು ಹಾಕಿ ನೋಡಿದವನು ಈ ಬಲೆಗೆ ಬೀಳುವುದೇ ಇಲ್ಲ. ತಾಳೆ ನೋಡುವುದು ಬೀಜಗಣಿತದ ಅಂಗವೇ ಆಗಿರುವುದರಿಂದ ಇಲ್ಲಿ ಶಾರ್ಟ್‌ಕಟ್ ಎನ್ನುವುದು ಶಾಸ್ತ್ರಕ್ಕೆ ಹತ್ತಿರವಾಗಿಯೇ ಇದೆ.

ಕಲನಶಾಸ್ತ್ರದಲ್ಲಿ ಈ ಸಮರ್ಥನೆ ನಿಲ್ಲುವುದಿಲ್ಲ; ಅಲ್ಲಿ ಶಾರ್ಟ್‌ಕಟ್ ಎಂದರೆ ನಿಯಮವನ್ನು ಉರುಹೊಡೆಯುವುದು. ಚರಾಕ್ಷರವು ಒಂದು ಬೆಲೆಯನ್ನು ಸಮೀಪಿಸಿದಂತೆ ಉತ್ಪನ್ನವು (ಫಂಕ್ಷನ್) ಯಾವ ಬೆಲೆಯನ್ನು ಸಮೀಪಿಸುತ್ತದೆಯೋ ಅದು ಲಿಮಿಟ್. ಬದಲಾವಣೆಯ ದರವಾದ ಡೆರಿವೇಟಿವ್ ಹುಟ್ಟುವುದು ಈ ಲಿಮಿಟ್‌ನಿಂದಲೇ. ವಿದ್ಯಾರ್ಥಿಗಳ ಬಾಯಲ್ಲಿ ‘ಎಲ್ ಹಾಸ್ಪಿಟಲ್ ರೂಲ್’ ಎನಿಸಿಕೊಂಡ ಲೋಪಿತಾಲ್ ನಿಯಮದ ಪ್ರಕಾರ ಅಂಶ, ಛೇದಗಳೆರಡೂ ಸೊನ್ನೆಯಾಗುವಲ್ಲಿ ಅವೆರಡರ ಡೆರಿವೇಟಿವ್ ತೆಗೆದು ಭಾಗಿಸಬಹುದು. ಷರತ್ತನ್ನು ಮರೆತು ನಿಯಮವನ್ನಷ್ಟೇ ಉರುಹೊಡೆದವರು, ಎಕ್ಸ್‌ನ ವರ್ಗಕ್ಕೆ 1 ಕೂಡಿಸಿ ಎಕ್ಸ್ ಮತ್ತು 1ರ ಮೊತ್ತದಿಂದ ಭಾಗಿಸಿದ ಉತ್ಪನ್ನಕ್ಕೆ ಎಕ್ಸ್ 1ನ್ನು ಸಮೀಪಿಸಿದಾಗಿನ ಲಿಮಿಟ್ ಕೇಳಿದರೆ 2 ಎಂದು ಗುರುತು ಹಾಕುತ್ತಾರೆ. ಅಲ್ಲಿ ಸೊನ್ನೆಯ ತೊಡಕೇ ಇಲ್ಲ. ನೇರವಾಗಿ 1 ಹಾಕಿದ್ದರೆ ಸರಿಯುತ್ತರ 1 ಸಿಗುತ್ತಿತ್ತು.

ಇದಕ್ಕಿಂತ ಗಂಭೀರವಾದ ದೋಷವೆಂದರೆ, ಎಕ್ಸ್ ಸೊನ್ನೆಯನ್ನು ಸಮೀಪಿಸುವಾಗ ಸೈನ್ ಎಕ್ಸನ್ನು ಎಕ್ಸ್‌ನಿಂದ ಭಾಗಿಸಿದಾಗಿನ ಲಿಮಿಟ್ 1 ಎಂಬುದಕ್ಕೂ ಇದೇ ನಿಯಮವನ್ನು ಸಾಧನೆಯೆಂದು ಒಪ್ಪಿಸುವುದು. ಸೈನ್‌ನ ಡೆರಿವೇಟಿವ್ ಕಾಸ್ ಎಂದು ಸ್ಥಾಪಿಸಲು ಆ ಲಿಮಿಟ್ಟೇ ಬೇಕಾಗಿರುವುದರಿಂದ ಇದು ಚಕ್ರಕ ದೋಷ, ಸಾಧಿಸಬೇಕಾದುದನ್ನೇ ಆಧಾರವಾಗಿ ಇಟ್ಟುಕೊಂಡಂತೆ. ಪ್ರಥಮ ಪಿಯುಸಿ ಪಠ್ಯಪುಸ್ತಕ ಆ ಲಿಮಿಟ್ಟನ್ನು ಏಕಮಾನ ತ್ರಿಜ್ಯದ ವೃತ್ತದಲ್ಲಿ ಒಂದು ತ್ರಿಜ್ಯಾಂತರ ಖಂಡವನ್ನು ಎರಡು ತ್ರಿಭುಜಗಳ ನಡುವೆ ಸಿಕ್ಕಿಸಿ, ಕ್ಷೇತ್ರಫಲಗಳ ಹೋಲಿಕೆಯಿಂದ ಸಾಧಿಸುತ್ತದೆ. ಆ ಪುಸ್ತಕದ ಚೆಲುವಾದ ಪುಟಗಳಲ್ಲಿ ಅದೂ ಒಂದು. ಆದರೆ ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿಯ ಜೊತೆ ಅರ್ಧ ಪಾಲಾಗಿ ಸೇರುವುದು ದ್ವಿತೀಯ ಪಿಯುಸಿಯ ಅಂಕಗಳು ಮಾತ್ರ. ಪ್ರಥಮ ವರ್ಷದ ಈ ಸಾಧನೆ ರ‍್ಯಾಂಕಿನ ಲೆಕ್ಕಕ್ಕೆ ಬರುವುದಿಲ್ಲ. ಅದರ ಉತ್ತರವಾದ 1 ಮಾತ್ರ ನಾಲ್ಕು ಆಯ್ಕೆಗಳಲ್ಲೊಂದಾಗಿ ಬಂದೀತು.