ನೆನಪಿನ ಊರು, ನೆನಪಿಗೆ ಬಾರದ ಕೇರಿ

ಎಂ. ಎನ್. ಶ್ರೀನಿವಾಸರನ್ನು (1916–1999) ನಾವು ‘ಸಂಸ್ಕೃತೀಕರಣ’, ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆಗಳ ಮೂಲಕವೇ ಓದುತ್ತ ಬಂದಿದ್ದೇವೆ. ಅವರು ಲೇಖಕರೂ ಹೌದೆಂಬುದು ಉಪಚಾರದ ಮಾತಾಗಿ ಉಳಿದಿದೆ. ‘ದಿ ರಿಮೆಂಬರ್ಡ್ ವಿಲೇಜ್’ (1976) ಕೃತಿಯನ್ನು ಸಾಹಿತ್ಯವೆಂದೇ ಓದಿದಾಗ ಅದರ ಸೊಗಸಿನಷ್ಟೇ ಮಿತಿಯೂ ಸ್ಪಷ್ಟವಾಗುತ್ತದೆ.

ತಮಿಳು ಮನೆಮಾತಿನ, ಮೈಸೂರಿನ ಅಯ್ಯಂಗಾರ್ ಕುಟುಂಬ ಅವರದು. ಕಾಲೇಜು ರಸ್ತೆಯ ಮನೆಯ ಹಿಂದೆಯೇ ಬಂಡಿಕೇರಿ. ಅಲ್ಲಿ ಕುರುಬರ ವಾಸ. (ಕುರಿಗಾಹಿಗಳಾದ ಇವರನ್ನು ನಮ್ಮ ಜೇನುಕುರುಬ, ಬೆಟ್ಟಕುರುಬರೊಡನೆ ಬೆರೆಸಬಾರದು, ಹೆಸರಿನ ಸಾಮ್ಯಕ್ಕೆ ಮೋಸಹೋದವರು ಅನೇಕರು.) ಕೆಲವೇ ಹೆಜ್ಜೆಗಳಾಚೆಯ ಆ ಕೇರಿ ಬಾಲ್ಯದಲ್ಲಿ ತಮಗೆ ಬೇರೊಂದು ಲೋಕವಾಗಿ ಕಂಡಿತೆಂದು ಅವರೇ ಮುಂದೆ ಬರೆದರು. ಮುಂಬಯಿಯಲ್ಲಿ ಘುರ್ಯೆ, ಆಕ್ಸ್‌ಫರ್ಡಿನಲ್ಲಿ ರ್‍ಯಾಡ್‌ಕ್ಲಿಫ್-ಬ್ರೌನ್ ಅವರ ಮಾರ್ಗದರ್ಶನ, 1952ರ ಕೊಡಗು ಗ್ರಂಥ, ಬರೋಡ ಮತ್ತು ದೆಹಲಿಗಳಲ್ಲಿ ಸಮಾಜಶಾಸ್ತ್ರ ವಿಭಾಗಗಳ ಸ್ಥಾಪನೆ: ಈ ವೃತ್ತಿಚರಿತ್ರೆ ಪರಿಚಿತವೇ.

1948ರಲ್ಲಿ ಅವರು ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ ಕ್ಷೇತ್ರಕಾರ್ಯ ನಡೆಸಿದರು. ಅದಕ್ಕೆ ‘ರಾಂಪುರ’ವೆಂಬ ಹೆಸರಿಟ್ಟರು. 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡಿನ ಸಂಶೋಧನಾ ಕೇಂದ್ರಕ್ಕೆ ದುಷ್ಕರ್ಮಿಗಳು ಬೆಂಕಿಯಿಟ್ಟಾಗ, ವರ್ಷಗಟ್ಟಲೆ ಪರಿಷ್ಕರಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಸೋಲ್ ಟ್ಯಾಕ್ಸ್ ಅವರ ಸಲಹೆಯಂತೆ ಶ್ರೀನಿವಾಸರು ನೆನಪಿನಿಂದಲೇ ಬರೆಯತೊಡಗಿದರು. ಈ ಅವಘಡವೇ ವಿಜ್ಞಾನಿಯೊಳಗಿನ ಕಥೆಗಾರನನ್ನು ಬಿಡುಗಡೆ ಮಾಡಿತೆಂದು ವಿಮರ್ಶಕರು ಮೆಚ್ಚುವುದುಂಟು. ಊರ ಯಜಮಾನ, ನಾಡುಗೌಡ, ಚಲಾಕಿ ಕುಳ್ಳೇಗೌಡ ಇವರ ಚಿತ್ರಣಗಳನ್ನು ಓದಿದವರು ಒಪ್ಪಲೇಬೇಕು.

ಆದರೆ ಗಣತಿಯ ಹಾಳೆಗೆ ಎಲ್ಲ ಮನೆಗಳೂ ಒಂದೇ, ನೆನಪಿಗೆ ಹಾಗಲ್ಲ. ಶ್ರೀನಿವಾಸರು ತಂಗಿದ್ದುದು ಯಜಮಾನನಿಗೆ ಸೇರಿದ ಎತ್ತಿನ ಮನೆಯಲ್ಲಿ. ಆ ಜಗಲಿಗೆ ಬಂದವರ ದನಿ, ನಗೆ, ಜಂಭ ಕೃತಿಯಲ್ಲಿ ಜೀವಂತ. ಬಾರದವರು ವಿವರಣೆಯಾಗಿ ಉಳಿದರು. ಹರಿಜನರನ್ನೂ ಮುಸ್ಲಿಮರನ್ನೂ ತಾನು ಸಾಕಷ್ಟು ಅರಿಯಲಿಲ್ಲವೆಂದು ಅವರೇ ಪ್ರಾಮಾಣಿಕವಾಗಿ ಒಪ್ಪಿದ್ದಾರೆ. ಇದನ್ನು ವಿಧಾನದ ಕೊರತೆಯೆಂದಷ್ಟೇ ಕಾಣುವುದು ಸಾಲದು. ಬಂಡಿಕೇರಿಯ ದೂರ ಇಲ್ಲಿ ಕೃತಿಯ ಕಥನರಚನೆಯೇ ಆಗಿಬಿಟ್ಟಿದೆ.

ವಯನಾಡಿನಲ್ಲಿ ಕುಳಿತು ಓದುವವರಿಗೆ ಇದು ಇನ್ನಷ್ಟು ಕಾಡುತ್ತದೆ. ಕೊಡಗು ಗ್ರಂಥದ ಕೇಂದ್ರ ಕೊಡವರ ‘ಒಕ್ಕ’. ಕುಟ್ಟದ ಆಚೆ ಯರವರೆನಿಸಿ, ಈಚೆ ಅಡಿಯರೆನಿಸಿ, ತಮ್ಮನ್ನು ತಾವು ರಾವುಳರೆಂದುಕೊಳ್ಳುವವರು ಅಲ್ಲಿ ಅಂಚಿನವರು. ತಿರುನೆಲ್ಲಿಯ ಅದೇ ಜನ ಪಿ. ವತ್ಸಲಾ ಅವರ ಮಲಯಾಳಂ ಕಾದಂಬರಿ ‘ನೆಲ್ಲ್’ನ (1972) ನಡುವಿಗೆ ಬಂದರು. ವತ್ಸಲಾ ಕೂಡ ಕೋಳಿಕ್ಕೋಡಿನಿಂದ ಬಂದ ಹೊರಗಿನವರೇ. ಅವರ ನೋಟ ನಿರ್ಮಲವೆಂದು ನಾನು ವಾದಿಸಲಾರೆ. ಆದರೆ ಅವರು ಗದ್ದೆಯ ಕೆಸರಿನಿಂದ ಜಗಲಿಯತ್ತ ನೋಡಿದರು. ಇವೆರಡನ್ನೂ ಜೊತೆಗಿಟ್ಟು ಓದುವ ತೌಲನಿಕ ಅಧ್ಯಯನ ಕನ್ನಡಕ್ಕೆ ಅಗತ್ಯವಿದೆ.

ಇದನ್ನು ಬರೆಯುವ ಮುನ್ನ ನನ್ನ ಹಳೆಯ ಕ್ಷೇತ್ರಟಿಪ್ಪಣಿಗಳನ್ನು ತೆರೆದೆ. ನಾನೂ ಕನ್ನಡ ಬಲ್ಲ ಜಮೀನುದಾರರ ಜಗಲಿಯಲ್ಲೇ ಕುಳಿತಿದ್ದೆ. ರಾವುಳ ಹೆಂಗಸರ ಮಾತು ಅಲ್ಲಿ ದಾಖಲಾಗಿರುವುದು ಎರಡೇ ಕಡೆ; ಎರಡರಲ್ಲೂ ಅವರು ಕೂಲಿ ಕೇಳಲು ಅಂಗಳಕ್ಕೆ ಬಂದಿದ್ದರು.