ಬೇರು ತೊಳೆದು ನೋಡಿ

ಎಲೆಯ ಮೇಲೊಂದು ಚುಕ್ಕೆ ಕಂಡರೆ ಹತ್ತು ಫೋಟೊ ಕಳಿಸುವ ತಾರಸಿ ತೋಟದ ಗೆಳೆಯರು ಬೇರಿನ ಫೋಟೊ ಕಳಿಸುವುದೇ ಇಲ್ಲ. ಫಸಲು ಮುಗಿದ ಗಿಡವನ್ನು ಕಿತ್ತು, ಮಣ್ಣು ಕೊಡವಿ ಎಸೆದುಬಿಡುತ್ತಾರೆ. ಬಕೆಟ್ ನೀರಿನಲ್ಲಿ ಆ ಬೇರನ್ನೊಮ್ಮೆ ಅದ್ದಿ ತೊಳೆದರೆ ಮುಂದಿನ ಬೆಳೆಯ ಅರ್ಧ ಜಾತಕ ಅಲ್ಲೇ ಇರುತ್ತದೆ.

ಅಲಸಂದೆ ಬೇರಿನಲ್ಲೂ ಗಂಟು, ಟೊಮೆಟೊ ಬೇರಿನಲ್ಲೂ ಗಂಟು. ಅಲಸಂದೆಯಲ್ಲಿ ಸಾಮಾನ್ಯವಾಗಿ ಕಾಣುವುದು ರೈಜೋಬಿಯಂ ಬ್ಯಾಕ್ಟೀರಿಯಾದ ಗಂಟು. ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಬೆರಳಲ್ಲಿ ತಿಕ್ಕಿದರೆ ಉದುರುತ್ತದೆ. ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಕಂಡರೆ ಗಾಳಿಯ ಸಾರಜನಕ ಗಿಡಕ್ಕೆ ದಕ್ಕುತ್ತಿದೆ ಎಂದರ್ಥ. ಹಸಿರೋ ಬೂದೋ ಆಗಿದ್ದರೆ ಕೆಲಸ ನಿಂತಿದೆ. ಟೊಮೆಟೊ, ಬದನೆ, ಬೆಂಡೆಯಲ್ಲಿ ಬೇರೇ ಊದಿಕೊಂಡಿರುತ್ತದೆ, ಎಷ್ಟು ತಿಕ್ಕಿದರೂ ಕಳಚದು. ಅದು ಮಣ್ಣಿನ ಜಂತುಹುಳುವಿನ (ನೆಮಟೋಡ್) ಕೆಲಸ. (ಅಲಸಂದೆಗೂ ಇದು ಬರುತ್ತದೆ. ಹಾಗಾಗಿ ಗಿಡದ ಹೆಸರು ನೋಡಿ ತೀರ್ಮಾನಿಸಬೇಡಿ, ತಿಕ್ಕಿ ನೋಡಿ.)

ಅರ್ಧ ಮಿಲಿಮೀಟರಿಗೂ ಚಿಕ್ಕದಾದ ಮರಿಹುಳು ಬೇರಿನ ತುದಿಯ ಬಳಿ ಒಳಹೊಕ್ಕು, ಆಹಾರ ಸಾಗುವ ನಾಳದ ಪಕ್ಕ ತಳವೂರುತ್ತದೆ. ಅದರ ಜೊಲ್ಲು ತಾಗಿದ ಜೀವಕೋಶಗಳು ದೈತ್ಯಾಕಾರಕ್ಕೆ ಬೆಳೆದು ಅದಕ್ಕೇ ಊಟ ಬಡಿಸುತ್ತವೆ. ಬೆಚ್ಚನೆಯ ಮಣ್ಣಿನಲ್ಲಿ ಸುಮಾರು ಒಂದು ತಿಂಗಳಿಗೆ ಒಂದು ತಲೆಮಾರು. ಹೆಣ್ಣೊಂದು ಇಡುವುದು ನೂರಾರು ಮೊಟ್ಟೆ. 1855ರಲ್ಲೇ ಇಂಗ್ಲೆಂಡಿನ ಬರ್ಕ್ಲಿ ಎಂಬ ಪಾದ್ರಿ ಸೌತೆ ಬೇರಿನಲ್ಲಿ ಈ ಗಂಟು ಕಂಡು ಬರೆದಿದ್ದರು. ಮಣ್ಣು ತೇವವಿದ್ದರೂ ಮಧ್ಯಾಹ್ನ ಗಿಡ ಬಾಡಿ ಸಂಜೆಗೆ ಚೇತರಿಸಿಕೊಂಡರೆ ಇದನ್ನು ಶಂಕಿಸಿ. ಹುಳು ಮಾಡಿದ ಗಾಯದಿಂದ ಸೊರಗು ರೋಗದ ಬ್ಯಾಕ್ಟೀರಿಯಾ ನುಗ್ಗಿದರಂತೂ ಗಿಡ ಉಳಿಯದು. ಸೊರಗಿದ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ನೀರಿಗೆ ತುದಿ ತಾಗಿಸಿ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ಹಾಲಿನಂಥ ಎಳೆ ಇಳಿದರೆ ಆ ರೋಗವೇ.

ಇಷ್ಟು ಓದಿ ಕುಂಡಕ್ಕೆ ವಿಷದ ಹರಳು ಹಾಕಲು ಹೊರಟಿರಾದರೆ, ಸ್ವಲ್ಪ ತಾಳಿ. ಮಣ್ಣಿನ ಜಂತುಹುಳುಗಳಲ್ಲಿ ಬಹಳಷ್ಟು ಬೇರಿನ ತಂಟೆಗೇ ಹೋಗುವುದಿಲ್ಲ, ಅವು ಬ್ಯಾಕ್ಟೀರಿಯಾ ಮೇಯುತ್ತವೆ. ಬ್ಯಾಕ್ಟೀರಿಯಾದ ಮೈಯಲ್ಲಿ ಸಾರಜನಕ ಹುಳುವಿಗೆ ಬೇಕಾದ್ದಕ್ಕಿಂತ ಹೆಚ್ಚು. ಮಿಕ್ಕಿದ್ದನ್ನು ಅದು ಅಮೋನಿಯಂ ರೂಪದಲ್ಲಿ ವಿಸರ್ಜಿಸುತ್ತದೆ, ಪಕ್ಕದ ಬೇರು ಹೀರಿಕೊಳ್ಳುತ್ತದೆ. ಬರಿಯ ಬ್ಯಾಕ್ಟೀರಿಯಾ ಇರುವ ಮಣ್ಣಿಗಿಂತ ಜೊತೆಗೆ ಈ ಹುಳುಗಳೂ ಇರುವ ಮಣ್ಣಿನಲ್ಲಿ ಹುಲ್ಲು ಮೊದಮೊದಲು ಬೇಗ ಬೆಳೆದು ಹೆಚ್ಚು ಸಾರಜನಕ ಪಡೆಯಿತೆಂದು 1985ರಲ್ಲೇ ಅಮೆರಿಕದ ಸಂಶೋಧಕರು ತೋರಿಸಿದರು. ಇನ್ನು ಅಜೋಸ್ಪಿರಿಲಂನಂಥ ಬ್ಯಾಕ್ಟೀರಿಯಾ ತಾನೇ ಆಕ್ಸಿನ್ ಎಂಬ ಬೆಳವಣಿಗೆಯ ಹಾರ್ಮೋನು ತಯಾರಿಸುತ್ತದೆ. ಬೇರು ಕವಲೊಡೆದು, ರೋಮಗಳು ದಟ್ಟವಾಗುತ್ತವೆ. ವಿಷ ಹಾಕಿದರೆ ಕಳ್ಳನ ಜೊತೆ ಇವರಿಗೂ ಪೆಟ್ಟು.

ಹಾಗಾದರೆ ಸಗಣಿ, ಗಂಜಲ ಹುದುಗಿಸಿದ ಜೀವಾಮೃತ ಸುರಿದುಬಿಟ್ಟರೆ ಎಲ್ಲ ಸರಿಹೋದೀತೆ? ತಿನ್ನಲು ತರಗೆಲೆ, ಕೊಟ್ಟಿಗೆ ಗೊಬ್ಬರ ಇಲ್ಲದ ಮಣ್ಣಿನಲ್ಲಿ ಯಾವ ಸೂಕ್ಷ್ಮಜೀವಿಯೂ ನಿಲ್ಲದು ಎಂಬುದು ನನ್ನ ನಿಲುವು. ಬದುವಿಗೆ ನಾಲ್ಕು ಚೆಂಡು ಹೂ ನೆಟ್ಟು ನಿಶ್ಚಿಂತರಾಗುವುದೂ ಅಷ್ಟೇ. ಜಂತುಹುಳುವನ್ನು ಬಾಧಿಸುವ ರಾಸಾಯನಿಕ ಅದರ ಜೀವಂತ ಬೇರಿನಲ್ಲಿದೆ. ಮಡಿಯ ತುಂಬ ಚೆಂಡು ಹೂವನ್ನೇ ಒಂದೆರಡು ತಿಂಗಳು ಬೆಳೆದು ಆಮೇಲೆ ತರಕಾರಿ ಹಾಕಿದರೆ ಫಲವುಂಟು. ಏಪ್ರಿಲ್–ಮೇ ಬಿಸಿಲಿನಲ್ಲಿ ಒದ್ದೆ ಮಣ್ಣಿಗೆ ಪಾರದರ್ಶಕ ಪ್ಲಾಸ್ಟಿಕ್ ಬಿಗಿಯಾಗಿ ಹೊದಿಸಿ ನಾಲ್ಕರಿಂದ ಆರು ವಾರ ಬಿಡುವುದು, ಬೇವಿನ ಹಿಂಡಿ ಬೆರೆಸುವುದು ಕುಂಡದವರಿಗೆ ಸುಲಭ. ಬೀಜದ ಪೊಟ್ಟಣದ ಮೇಲೆ ಇಂಗ್ಲಿಷಿನ ‘ಎನ್’ ಅಕ್ಷರವಿರುವ ಟೊಮೆಟೊ ತಳಿ ಬೇರುಗಂಟನ್ನು ತಡೆಯುತ್ತದೆ, ಆದರೆ ಮಣ್ಣು 28 ಡಿಗ್ರಿ ದಾಟಿದರೆ ಆ ಶಕ್ತಿ ಕುಂದುತ್ತದೆ. ನಮ್ಮ ಬೇಸಿಗೆಯಲ್ಲಿ ಅದನ್ನು ನೆಚ್ಚಬೇಡಿ.

ಗಂಟು ಕಟ್ಟಿದ ಬೇರನ್ನು ಕಾಂಪೋಸ್ಟ್ ಗುಂಡಿಗೆ ಹಾಕದೆ ಒಣಗಿಸಿ ಸುಡಿ. ಆ ಕುಂಡದ ಮಣ್ಣನ್ನು ಪಕ್ಕದ ಮನೆಯವರು ಎಷ್ಟೇ ಕೇಳಿದರೂ ಕೊಡಬೇಡಿ.